ಕೇಳದೆ ಬಂದ ಉಸಿರು

ಕೆಲಸದಿಂದ ತೆಗೆದ ಕಲ್ಲುಕಾರ್ಮಿಕರ ಎದೆಯಿಂದ ವಜ್ರಶಿಲಾ ಕಂಪನಿ ಉಸಿರನ್ನೂ ತೆಗೆಯಿತು. ಒಂಬತ್ತು ಜನ ಸತ್ತರು.

ಸತ್ತವರೆಲ್ಲ ಫರಸಿಪೇಟೆಯವರು. ನೆಲದಡಿಯ ಫರಸಿಕಲ್ಲನ್ನು, ಅಂದರೆ ಹಾಸುಗಲ್ಲನ್ನು, ಎಬ್ಬಿಸಿ, ಕೊಯ್ದು, ಮೆರುಗು ಕೊಟ್ಟು ದೇಶಕ್ಕೆಲ್ಲ ಕಳಿಸುವ ಊರು ಅದು. ಯಾರದೋ ನಡುಮನೆ, ಯಾವುದೋ ವಿಮಾನ ನಿಲ್ದಾಣದ ನೆಲ ಮುಖ ಕಾಣುವಷ್ಟು ಹೊಳೆಯಬೇಕಾದರೆ ಇಲ್ಲಿ ಯಾರದಾದರೂ ಪುಪ್ಪುಸ ಕಲ್ಲಾಗಬೇಕು. ಪಾಲಿಶ್ ಮಿಷನ್ನಿನ ಮುಂದೆ ಕೆಲವು ವರ್ಷ ನಿಂತವರು ಮಾತಿನ ನಡುವೆ ತಡೆದು ನಿಲ್ಲುತ್ತಾರೆ, ಮಾತು ಮರೆತವರ ಹಾಗೆ. ಮರೆತಿರುವುದಿಲ್ಲ, ಗಾಳಿ ಸಾಲದೆ ನಿಂತಿರುತ್ತಾರೆ. ಹಿಂದೆ ಇಂಥವರು ಮೂಲೆ ಹಿಡಿದು ಸಾಯುತ್ತಿದ್ದರು. ಕೈ ಪಳಗಿದವರು ಹೀಗೆ ಸಾಯುತ್ತ ಹೋದರೆ ಕಂಪನಿಗೆ ನಷ್ಟ. ಆದ್ದರಿಂದ ಉಸಿರುಪಟ್ಟಿ ಬಂತು.

ನಾಲ್ಕು ಬೆರಳಗಲದ ಪಟ್ಟಿ. ಪಕ್ಕೆಲುಬಿನ ಸುತ್ತ ಬಿಗಿದು ಬಕಲು ಹಾಕಬೇಕು. ಅದರಿಂದ ಕೂದಲೆಳೆಯಂಥ ತಂತಿಯೊಂದು ಚರ್ಮದೊಳಗಿಂದ ಹೋಗಿ ಎದೆಗೂಡಿನ ಕೆಳಗಿನ ಸ್ನಾಯುವನ್ನು ಮುಟ್ಟುತ್ತದೆ. ಒಳಗೆ ಬೆಂಕಿಪೆಟ್ಟಿಗೆಯಷ್ಟು ಕಂಪ್ಯೂಟರು. ಅದು ಹೇಳಿದಾಗ ಸ್ನಾಯು ಕೆಳಗಿಳಿಯುತ್ತದೆ, ಗಾಳಿ ಒಳಗೆ ಬರುತ್ತದೆ. ಬಿಟ್ಟಾಗ ಹೊರಗೆ ಹೋಗುತ್ತದೆ. ಒಂದೆರಡು ವರ್ಷ ಪಟ್ಟಿ ಕಟ್ಟಿಕೊಂಡ ಮೇಲೆ ಸ್ನಾಯು ತನ್ನಷ್ಟಕ್ಕೆ ಎಳೆಯುವುದನ್ನು ಕೈಬಿಡುತ್ತದೆ. ಇದನ್ನು ಪಟ್ಟಿ ಕೊಡುವಾಗ ಯಾರೂ ಹೇಳಿರಲಿಲ್ಲ.

ಮೊಬೈಲಿನೊಳಗೆ ಆಪ್‌ಗಳಿರುವಂತೆ ಪಟ್ಟಿಯೊಳಗೆ ಪ್ಯಾಕೇಜುಗಳು. 'ಕೆಲಸ' ಎಂಬ ಪ್ಯಾಕೇಜು ಹಾಜರಿ ಹಿಡಿಯುತ್ತದೆ, ಎಷ್ಟು ಕಲ್ಲು ಮೆರುಗಾಯಿತು, ಎಷ್ಟು ಹೊತ್ತು ಕೈ ನಿಂತಿತ್ತು ಎಂದು ಎಣಿಸುತ್ತದೆ. 'ಉಸಿರು' ಎಂಬುದು ಸ್ನಾಯುವನ್ನು ಎಳೆಯುತ್ತದೆ. ಯಾವ ಪ್ಯಾಕೇಜು ಹಾಕಬೇಕು, ಯಾವುದನ್ನು ತೆಗೆಯಬೇಕು ಎಂದು ನೋಡಿಕೊಳ್ಳುವ ಪ್ರೋಗ್ರಾಮು ಪ್ರತಿ ಪಟ್ಟಿಯಲ್ಲೂ ಒಂದಿದೆ. ಅದರ ಹೆಸರು ಪ್ಯಾಕೇಜ್ ಮ್ಯಾನೇಜರ್; ಕಂಪನಿಯ ಕಂಟ್ರೋಲ್ ರೂಮಿನ ಹುಡುಗಿಯರು ಅದಕ್ಕೆ ಉಗ್ರಾಣಿ ಎನ್ನುತ್ತಿದ್ದರು. ಉಗ್ರಾಣಿಗೆ ಒಂದೊಂದು ಪಟ್ಟಿಯ ಮುಂದೆ ಕೂತು ಹೇಳಲಾಗುವುದಿಲ್ಲ. ನಲವತ್ತು ಸಾವಿರ ಎದೆಗಳಿವೆ. ಆದ್ದರಿಂದ ಸ್ಕ್ರಿಪ್ಟು ಬರೆಯುತ್ತಾರೆ. ಹತ್ತು ಸಾಲಿನ ಸ್ಕ್ರಿಪ್ಟು ಒಂದು ಗುಂಡಿ ಒತ್ತಿದರೆ ನಲವತ್ತು ಸಾವಿರ ಉಗ್ರಾಣಿಗಳನ್ನು ಒಟ್ಟಿಗೆ ಕುಣಿಸುತ್ತದೆ.

ಉಗ್ರಾಣಿ ನಿಯತ್ತಿನದು. ಒಬ್ಬರು ಕೆಲಸಕ್ಕೆ ಸೇರಿದಾಗ ಕಂಟ್ರೋಲ್ ರೂಮಿನವರು 'ಕೆಲಸ'ವನ್ನಷ್ಟೇ ಹಾಕು ಎನ್ನುತ್ತಾರೆ. 'ಉಸಿರು' ಇಲ್ಲದೆ 'ಕೆಲಸ' ನಡೆಯದು, ಹಾಗಾಗಿ ಉಗ್ರಾಣಿ ಅದನ್ನೂ ಜೊತೆಗೆ ತರುತ್ತದೆ. ತಂದು ತನ್ನ ನೆನಪಿನಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು ಹಾಕಿಕೊಳ್ಳುತ್ತದೆ: 'ಕೆಲಸ' ಕೇಳಿ ಹಾಕಿಸಿಕೊಂಡದ್ದು, 'ಉಸಿರು' ಅದರ ಬೆನ್ನಿಗೆ ಬಂದದ್ದು. ಕೆಲಸ ಹೋದವರ ಪಟ್ಟಿಯಿಂದ 'ಕೆಲಸ'ವನ್ನು ತೆಗೆಯುತ್ತಿದ್ದರು. 'ಉಸಿರು' ಹಾಗೇ ಉಳಿದುಕೊಳ್ಳುತ್ತಿತ್ತು. ಯಾರೂ ಗಮನಿಸದೆ ಇದ್ದುದರಿಂದ ಕೆಲಸವಿಲ್ಲದವರೂ ವರ್ಷಾನುಗಟ್ಟಲೆ ಉಸಿರಾಡಿದರು.

ಕಂಟ್ರೋಲ್ ರೂಮಿನ ಮುಖ್ಯಸ್ಥ ನಿರಂಜನ ದೇಸಾಯಿ ಗಮನಿಸಿದ. 'ಉಸಿರು' ಬಾಡಿಗೆಯ ಪ್ಯಾಕೇಜು, ಎದೆಗಿಷ್ಟು ಎಂದು ಬೇರೊಂದು ಕಂಪನಿಗೆ ಕೊಡಬೇಕು. ಬೆನ್ನಿಗೆ ಬಂದು ಈಗ ಯಾರಿಗೂ ಬೇಡವಾದ ಪ್ಯಾಕೇಜುಗಳನ್ನು ಗುಡಿಸಿ ಹಾಕುವ ಸೌಲಭ್ಯ ಉಗ್ರಾಣಿಯಲ್ಲೇ ಇದೆ, ಒಂದು ಸಾಲು ಸೇರಿಸಿ ಎಂದ. ಗುಡಿಸುವ ಮುಂಚೆ ಉಗ್ರಾಣಿ ಒಂದು ಮಾತು ಕೇಳುತ್ತದೆ: ಇವು ಯಾರಿಗೂ ಬೇಕಿಲ್ಲ, ತೆಗೆಯಲೇ? ಸಾವಿರಾರು ಸಲ ಹೌದು ಎನ್ನುತ್ತ ಯಾರು ಕೂರುತ್ತಾರೆ? ಉತ್ತರವನ್ನೂ ಸ್ಕ್ರಿಪ್ಟಿನಲ್ಲೇ ಬರೆದಿಟ್ಟರು.

ಹೊಸ ಸ್ಕ್ರಿಪ್ಟನ್ನು ಜನರ ಮೇಲೆ ಬಿಡುವ ಮುಂಚೆ ಕುರ್ಚಿಯ ಮೇಲೆ ಬಿಡುವುದು ಅಲ್ಲಿನ ರೂಢಿ. ಕಿಟಕಿಯ ಬಳಿ ಒಂದು ಹಳೆಯ ಕಬ್ಬಿಣದ ಕುರ್ಚಿ, ಅದರ ಬೆನ್ನಿಗೆ ಬಿಗಿದ ಒಂದು ಪಟ್ಟಿ. ಅದಕ್ಕೆ ಕುರ್ಚೆಪ್ಪ ಎಂದು ಹೆಸರಿಟ್ಟು, ನೌಕರನೆಂದು ದಾಖಲೆ ಮಾಡಿ, ಬೇಕಾದಾಗ ಕೆಲಸಕ್ಕೆ ಸೇರಿಸಿ ಬೇಕಾದಾಗ ತೆಗೆಯುತ್ತಿದ್ದರು. ದಸರೆಗೆ ಅದಕ್ಕೂ ಹೂ ಮುಡಿಸುತ್ತಿದ್ದರು. ಆವತ್ತೂ ಕುರ್ಚೆಪ್ಪನನ್ನು ಕೆಲಸದಿಂದ ತೆಗೆದರು. 'ಕೆಲಸ' ಹೋಯಿತು, ಬೆನ್ನಿಗೆ 'ಉಸಿರು' ಹೋಯಿತು, ತಪ್ಪುಗಳ ಸಂಖ್ಯೆ ಸೊನ್ನೆ ಎಂದು ಪರದೆ ತೋರಿಸಿತು. ಕುರ್ಚಿ ತೆಪ್ಪಗೆ ಕೂತಿತ್ತು. ಯಾರೋ ಒಬ್ಬಳು, ಕುರ್ಚೆಪ್ಪ ಭಾಳ ಗಟ್ಟಿ ಮನುಷ್ಯ, ಕೆಲಸ ಹೋದ್ರೂ ಅಳಲಿಲ್ಲ ಎಂದಳಂತೆ. ಎಲ್ಲರೂ ನಕ್ಕರು. ಆಮೇಲೆ ಜಗದೇವಿ ಗುಂಡಿ ಒತ್ತಿದಳು.

ಜಗದೇವಿ ಫರಸಿಪೇಟೆಯ ಕಲ್ಲುಕೇರಿಯವಳೇ. ಅವಳನ್ನು ಸಾಕಿ ಓದಿಸಿದವಳು ಅಕ್ಕ ಕಾಶಮ್ಮ. ಕಾಶಮ್ಮ ಕಂಪನಿಯ ಮೂರನೇ ಯಾರ್ಡಿನಲ್ಲಿ ಪಾಲಿಶ್ ಮಿಷನ್ ಓಡಿಸುತ್ತಾಳೆ. ತಂಗಿ ಕಂಟ್ರೋಲ್ ರೂಮಿಗೆ ಸೇರಿದ ದಿನ ಕಾಶಮ್ಮ ಕೇರಿಗೆಲ್ಲ ಪೇಡೆ ಹಂಚಿದ್ದಳು. ಇನ್ನು ನಮ್ಮ ಪಟ್ಟಿ ನಮ್ಮ ಮನಿ ಹುಡುಗಿ ಕೈಯಾಗ ಎಂದು ಎಲ್ಲರೂ ಧೈರ್ಯವಾಗಿದ್ದರು.

ಪಕ್ಕದ ಮನೆಯ ಜಟ್ಟೆಪ್ಪನನ್ನು ಕುಡಿಯುವ ನೀರಿಗಾಗಿ ಸೂಪರ್‌ವೈಸರ್ ಜೊತೆ ಜಗಳಾಡಿದ್ದಕ್ಕೆ ಕೆಲಸದಿಂದ ತೆಗೆದಿದ್ದರು. ಗುಂಡಿ ಒತ್ತಿದ ಬೆಳಿಗ್ಗೆ ಅವನು ಚಹಾದ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ಗಾಳಿ ಬರುತ್ತಿಲ್ಲವೆನಿಸಿದಾಗ ಪಟ್ಟಿ ಸಡಿಲಾಗಿದೆ ಎಂದುಕೊಂಡ. ಅಂಗಡಿಯ ಸಾಬಮ್ಮನನ್ನು ಕರೆದು ಬಿಗಿ ಮಾಡು ಎಂದ. ಅವಳು ಬಿಗಿ ಮಾಡಿದಳು. ಇನ್ನೂ ಬಿಗಿ ಎಂದು ಕೈಸನ್ನೆ ಮಾಡಿದ. ಕೊನೆಯ ತೂತಿಗೆ ಬಕಲು ಹಾಕಿ, ಮೊಣಕಾಲು ಕೊಟ್ಟು ಎಳೆದಳು. ಅವಳು ಎಳೆಯುತ್ತಿರುವಾಗಲೇ ಅವನು ಅವಳ ಹೆಗಲ ಮೇಲೆ ಬಿದ್ದ. ಸಾಬಮ್ಮ ಈಗಲೂ ತನ್ನ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಾಳೆ.

ಕಂಟ್ರೋಲ್ ರೂಮಿಗೆ ಫೋನುಗಳು ಬರತೊಡಗಿದ ಮೇಲೆ ಜಗದೇವಿ ಹಿಂದುಮುಂದು ನೋಡದೆ, ಯಾರ ಅಪ್ಪಣೆಗೂ ಕಾಯದೆ, ತೆಗೆದದ್ದನ್ನೆಲ್ಲ ತಿರುಗಿ ಹಾಕಿದಳು. ಬದುಕುವವರು ಬದುಕಿದರು. ಸತ್ತವರ ಮನೆಗಳಿಗೆ ಮಣ್ಣಿಗೆ ಮುಂಚೆಯೇ ಕಂಪನಿಯ ವ್ಯಾನು ಬಂತು, ಪಟ್ಟಿ ಬಿಚ್ಚಿಕೊಂಡು ಹೋಗಲು. ಪಟ್ಟಿ ಕಂಪನಿಯ ಆಸ್ತಿ.

ವಿಚಾರಣೆ ನಡೆಯಿತು. ಸ್ಕ್ರಿಪ್ಟನ್ನು ಮೊದಲೇ ಪರೀಕ್ಷಿಸಲಾಗಿತ್ತು, ಪರೀಕ್ಷೆಯಲ್ಲಿ ಅದು ಪಾಸಾಗಿತ್ತು, ಆದ್ದರಿಂದ ಯಾರದೂ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಅದಾಗಿ ಸ್ವಲ್ಪ ದಿನಕ್ಕೆ ಗೇಟಿನ ಮೇಲೆ ನೋಟೀಸು ಬಂತು. ಉಸಿರಿನ ನೆರವು ಉದ್ಯೋಗದ ಭಾಗ. ಉದ್ಯೋಗ ಮುಗಿದವರಿಗೆ, ಉದ್ಯೋಗ ತಾವಾಗಿ ನಿಲ್ಲಿಸಿದವರಿಗೆ, ತಿಂಗಳ ಕೊನೆಯ ನಂತರ ಅದು ಇರುವುದಿಲ್ಲ. ಒಂದು ಸಲ ಕೈತಪ್ಪಿ ಆದದ್ದು ಈಗ ಕಾನೂನಾಯಿತು. ಕೊಲೆಯೊಂದು ನಡೆದು ಯಾರಿಗೂ ಶಿಕ್ಷೆಯಾಗಲಿಲ್ಲವೆಂದರೆ ಕೊಂದವರು ಸುಮ್ಮನಿರುವುದಿಲ್ಲ, ಅದರಿಂದ ಒಂದು ಪದ್ಧತಿ ಮಾಡಿಕೊಳ್ಳುತ್ತಾರೆ.

ಜನ ಹೊಂದಿಕೊಂಡರು. ಹೊಂದಿಕೊಳ್ಳುವುದೇ ಬಡವರ ದೊಡ್ಡ ರೋಗ. ಯಾರ್ಡುಗಳಲ್ಲಿ ಜಗಳ ನಿಂತಿತು. ಮುದುಕರು ಗೇಟಿನಲ್ಲಿ ನಿಂತು, ಪಗಾರ ಬೇಡ, ಕಸ ಹೊಡೆಯುತ್ತೇವೆ, ನೌಕರರೆಂದು ಹೆಸರಿಟ್ಟುಕೊಳ್ಳಿ ಎಂದು ಕೈಮುಗಿದರು. ಹೆಣ್ಣು ಕೊಡಲು ಬಂದವರು ವರನ ಕೆಲಸ ಕಾಯಮೋ ಹೇಗೆ ಎಂದು ಕೇಳುತ್ತಿದ್ದುದು ಹಳೆಯದು. ಈಗ ಅವನ ಎದೆಗೆ ಕಿವಿಯಿಟ್ಟು ಕೇಳುವುದೊಂದು ಬಾಕಿ ಇತ್ತು. ಬಾಣಂತಿಯೊಬ್ಬಳು ರಜೆ ಕೇಳಲು ಹೆದರಿ ಹೆತ್ತ ವಾರದೊಳಗೆ ಮಿಷನ್ನಿಗೆ ಬಂದಳು. ನೀರು ತುಂಬಿದ ಹಳೆಯ ಕ್ವಾರಿಯ ಮೆಟ್ಟಿಲ ಮೇಲೆ ಬೆಳಿಗ್ಗೆ ಜನ ಸಾಲಾಗಿ ಕೂರುತ್ತಿದ್ದರು. ಪಟ್ಟಿ ಆರಿಸಿ, ಒಬ್ಬರ ಕೈ ಒಬ್ಬರು ಹಿಡಿದು, ಸ್ವಂತವಾಗಿ ಉಸಿರೆಳೆಯುವ ಅಭ್ಯಾಸ. ಒಂದಿಷ್ಟು ಎಳೆದು, ತುಟಿ ನೀಲಿಯಾದ ಮೇಲೆ ಪಕ್ಕದವರು ಪಟ್ಟಿ ಹಾಕಿಕೊಡುತ್ತಿದ್ದರು. ಯಾರ ಸ್ನಾಯುವೂ ಹಳೆಯದನ್ನು ನೆನಪಿಸಿಕೊಳ್ಳಲಿಲ್ಲ.

ಭಾನುವಾರ ಸಂಘದ ತಗಡಿನ ಶೆಡ್ಡಿನಲ್ಲಿ ಹೆಂಗಸರ ಓದುಕೂಟ. ಅಲ್ಲಿ ಓದುವ ರೀತಿಯೇ ಬೇರೆ. ಗಟ್ಟಿಯಾಗಿ ಒಂದು ಪುಟ ಓದುವಷ್ಟು ಗಾಳಿ ಯಾರ ಎದೆಯಲ್ಲೂ ಇಲ್ಲ. ಆದ್ದರಿಂದ ಒಬ್ಬಳ ಉಸಿರು ಎಲ್ಲಿ ಮುಗಿಯಿತೋ ಅಲ್ಲಿಂದ ಪಕ್ಕದವಳು ಶುರು ಮಾಡುತ್ತಾಳೆ. ಒಂದು ವಾಕ್ಯಕ್ಕೆ ಮೂರು ದನಿ. ವರ್ಷಗಟ್ಟಲೆ ಹೀಗೆ ಓದಿ, ಎಲ್ಲಿ ಯಾರು ನಿಲ್ಲುತ್ತಾರೆ ಎಂಬುದು ಎಲ್ಲರಿಗೂ ಬಾಯಿಪಾಠ. ನೋಟೀಸನ್ನೂ ಹಾಗೇ ಓದಿದರು. 'ಉಸಿರಿನ ನೆರವು' ಎಂಬಲ್ಲಿಗೆ ಒಬ್ಬಳು ನಿಂತಳು. 'ಉದ್ಯೋಗದ' ಎಂಬಲ್ಲಿಗೆ ಇನ್ನೊಬ್ಬಳು. ಮುಂದಿನದು ಜಟ್ಟೆಪ್ಪನ ಹೆಂಡತಿಯ ಸರದಿ. ಅವಳು ಓದಲಿಲ್ಲ. ಶೆಡ್ಡಿನಲ್ಲಿ ಪಟ್ಟಿಗಳ ಗುಂಯ್ ಶಬ್ದ ಮಾತ್ರ ಕೇಳಿಸುತ್ತಿತ್ತು. ಸೋಮವಾರದಿಂದ ಮಿಷನ್ ನಿಲ್ಲಿಸುವುದು, ಉಸಿರನ್ನು ಕೆಲಸದಿಂದ ಬಿಡಿಸಿ ಕೊಡುವ ತನಕ ಯಾರ್ಡಿನೊಳಗೆ ಕಾಲಿಡದಿರುವುದು ಎಂದು ಅಲ್ಲೇ ತೀರ್ಮಾನವಾಯಿತು. ಮೊದಲು ಕೈ ಎತ್ತಿದವಳು ಕಾಶಮ್ಮ.

ಸಂಜೆ ಜಗದೇವಿ ಮನೆಗೆ ಬಂದಾಗ ಕಾಶಮ್ಮ ರೊಟ್ಟಿ ಬಡಿಯುತ್ತಿದ್ದಳು. ಎರಡು ಬಡಿತ, ಒಂದು ತಡೆ, ಮತ್ತೆ ಎರಡು ಬಡಿತ. ಜಗದೇವಿ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತು, ಸೋಮವಾರ ನೀನು ಯಾರ್ಡಿಗೆ ಹೋಗಲೇಬೇಕು ಎಂದಳು. ಸುದ್ದಿ ಆಗಲೇ ಕಂಪನಿಗೆ ಮುಟ್ಟಿದೆ. ಮಿಷನ್ ನಿಲ್ಲಿಸಿದವರನ್ನೆಲ್ಲ ಕೆಲಸ ಬಿಟ್ಟವರೆಂದು ಹಿಡಿಯಲು, ನೋಟೀಸಿನ ಗಡುವಿಗೂ ಕಾಯದೆ ಅಂದೇ ಸ್ಕ್ರಿಪ್ಟು ಓಡಿಸಲು ದೇಸಾಯಿ ಹೇಳಿಯಾಗಿದೆ. ಸೋಮವಾರ ಮಧ್ಯಾಹ್ನ ಓಡುತ್ತದೆ.

"ಓಡಿಸೋರು ಯಾರು?" ಕಾಶಮ್ಮ ತಲೆಯೆತ್ತದೆ ಕೇಳಿದಳು.

ಜಗದೇವಿ ಚೀಲ ಇಳಿಸಿ ಗೋಡೆಗಿಟ್ಟಳು.

"ನೀನೇ ಅಲ್ಲ? ಹೇಳವ್ವ, ನಾಚಿಕಿ ಯಾಕ. ಕೇರಿಗೆಲ್ಲ ಪೇಡೆ ಹಂಚೀನಿ ನಾ."

ಜಗದೇವಿ ಅತ್ತಳು. ಅತ್ತು, ದೇಸಾಯಿ ಹೇಳಿದ್ದನ್ನು ಹೇಳಿದಳು. ಉಗ್ರಾಣಿಗೆ ಒಂದು ಪಟ್ಟಿಯನ್ನು ಮುಟ್ಟಬೇಡ ಎಂದು ತಡೆ ಹಾಕಬಹುದು. ಕಾಶಮ್ಮನ ಪಟ್ಟಿಗೆ ಅಂಥ ತಡೆ ಹಾಕಲು ಅವನು ಒಪ್ಪಿದ್ದಾನೆ. ಅಕ್ಕ ಮುಷ್ಕರದಲ್ಲಿದ್ದರೂ ಸರಿ, ಯಾರಿಗೂ ತಿಳಿಯದ ಹಾಗೆ ಅವಳದೊಂದು ಉಳಿಯುತ್ತದೆ. ಜಗದೇವಿ ತನ್ನ ಕೆಲಸ ಮಾಡಿದರಾಯಿತು.

ಕಾಶಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಅದು ಸುಟ್ಟಿತ್ತು. ಎತ್ತಿ ಪಕ್ಕಕ್ಕಿಟ್ಟಳು. ಅವಳ ಎದೆ ಪಟ್ಟಿಯ ತಾಳಕ್ಕೆ ಏರಿಳಿಯುತ್ತಿತ್ತು. ಸಿಟ್ಟು ಬಂದಾಗಲೂ ಅದೇ ತಾಳ. ಉಸಿರನ್ನು ಅವಸರಪಡಿಸುವ ಹಕ್ಕೂ ಅವಳಿಗಿರಲಿಲ್ಲ.

"ಜಟ್ಟೆಪ್ಪನ ಹೆಂಡ್ತಿ ಪಕ್ಕ ಕುಂತು ನಾ ಒಬ್ಬಾಕೀನೇ ಉಸುರು ಬಿಡ್ಬೇಕೇನು? ಅಕಿ ಕೇಳಂಗಿಲ್ಲೇನು ಅದರ ಸಪ್ಪಳ?" ಎಂದಳು. ತಡೆದು, ಗಾಳಿ ತುಂಬಿಸಿಕೊಂಡು, "ನಂಗ ಒಂದು ತಿಳಿಸಿ ಹೇಳು. ಕೆಲಸ ತಗದ್ರ ಉಸುರು ಯಾಕ ಹೋಗ್ತದ? ಯಾರು ಹಂಗ ಬರದಾರ?"

ಯಾರೂ ಬರೆದಿಲ್ಲ ಎಂದಳು ಜಗದೇವಿ. ಕೇಳಿ ಹಾಕಿಸಿಕೊಂಡದ್ದು, ಬೆನ್ನಿಗೆ ಬಂದದ್ದು ಎಂಬ ಎರಡು ಗುರುತುಗಳನ್ನು ವಿವರಿಸಿದಳು. ಕೇಳಿ ಹಾಕಿಸಿಕೊಂಡದ್ದನ್ನು ಉಗ್ರಾಣಿ ತಾನಾಗಿ ಎಂದೂ ಗುಡಿಸುವುದಿಲ್ಲ. ನಿಮ್ಮೆಲ್ಲರ ಎದೆಯಲ್ಲಿ ಕೇಳಿದ್ದು ಕೆಲಸ ಮಾತ್ರ. ಉಸಿರು ಬೇಕೆಂದು ಯಾರೂ ಕೇಳಿಲ್ಲ. ಅದು ಕೆಲಸದ ಬೆನ್ನಿಗೆ ಬಂದದ್ದು.

ಕಾಶಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹಂಗಾದ್ರ ಈಗ ಕೇಳ್ತೀನಿ," ಎಂದಳು. "ನಂಗ ಉಸುರು ಬೇಕು. ಬರಕೋ."

"ಹಂಗ ಆಗಂಗಿಲ್ಲಕ್ಕ."

"ಯಾಕ ಆಗಂಗಿಲ್ಲ? ಬರಿಲಿಕ್ಕ ಜಾಗ ಇಲ್ಲೇನು?"

ಜಾಗವಿತ್ತು. ಒಂದು ಗುರುತು ಬದಲಿಸುವುದಕ್ಕೆ ಉಗ್ರಾಣಿಯಲ್ಲಿ ಒಂದೇ ಮಾತಿನ ಅಪ್ಪಣೆ ಇದೆ. ಜಗದೇವಿಗೆ ಅದು ಗೊತ್ತಿತ್ತು, ಕಂಟ್ರೋಲ್ ರೂಮಿನ ಎಲ್ಲರಿಗೂ ಗೊತ್ತಿತ್ತು, ದೇಸಾಯಿಗೂ ಗೊತ್ತಿತ್ತು. ಒಂಬತ್ತು ಜನ ಸತ್ತ ಮೇಲೂ ಆ ಗುರುತನ್ನು ಯಾರೂ ಮುಟ್ಟಿರಲಿಲ್ಲ, ಏಕೆಂದರೆ ಮುಟ್ಟು ಎಂದು ಯಾರೂ ಹೇಳಿರಲಿಲ್ಲ. ರೊಟ್ಟಿ ತಿನ್ನದೆ ಜಗದೇವಿ ಕೈತೊಳೆದಳು. ಕಾಶಮ್ಮ ಒತ್ತಾಯ ಮಾಡಲಿಲ್ಲ.

ಸೋಮವಾರ ಯಾರ್ಡುಗಳಲ್ಲಿ ಮಿಷನ್ ಕೂಗಲಿಲ್ಲ. ಕಲ್ಲಿನ ಧೂಳಿಲ್ಲದ ಫರಸಿಪೇಟೆಯ ಬಯಲು ಅಷ್ಟು ದೂರದ ತನಕ ಕಾಣುತ್ತದೆಂದು ಅಲ್ಲಿ ಹುಟ್ಟಿದವರಿಗೂ ಗೊತ್ತಿರಲಿಲ್ಲ. ಗೇಟಿನ ಮುಂದೆ ಜನ ಕೂತರು; ಘೋಷಣೆ ಕೂಗುವಷ್ಟು ಗಾಳಿಯಿಲ್ಲದವರು, ಸುಮ್ಮನೆ ಕೂತರು. ಕಂಟ್ರೋಲ್ ರೂಮು ಇದ್ದುದು ಗೇಟಿನ ಪಕ್ಕದ ಕಟ್ಟಡದ ಮೇಲಂತಸ್ತಿನಲ್ಲಿ. ಕಿಟಕಿಯಿಂದ ನೋಡಿದರೆ ತಲೆಗಳ ನಡುವೆ ಅಕ್ಕನ ಹಸಿರು ಸೀರೆ ಜಗದೇವಿಗೆ ಕಂಡಿತು.

ಅವಳು ಸ್ಕ್ರಿಪ್ಟು ಬರೆಯಲು ಕೂತಳು. ಮೊದಲು ಬರೆದದ್ದು ಒಂದೇ ಪಟ್ಟಿಗೆ, ಕಾಶಮ್ಮನದಕ್ಕೆ: 'ಉಸಿರು' ಎಂಬುದನ್ನು ಕೇಳಿ ಹಾಕಿಸಿಕೊಂಡದ್ದೆಂದು ಗುರುತು ಮಾಡು. ಬರೆದು, ನೋಡಿದಳು. ಒಂದು ಎದೆಗೆ ಬರೆದದ್ದನ್ನು ಎಲ್ಲ ಎದೆಗೂ ಬರೆಯಬೇಕೆಂದರೆ ಸ್ಕ್ರಿಪ್ಟಿನಲ್ಲಿ ಹೆಚ್ಚೇನೂ ಬೇಕಿಲ್ಲ. ಕಾಶಮ್ಮನ ಹೆಸರಿದ್ದಲ್ಲಿ 'ಪ್ರತಿಯೊಬ್ಬರಿಗೂ' ಎಂದು ಹಾಕಿದರೆ ಸಾಕು. ಅದೇ ಕಾರಣಕ್ಕೆ ಒಂಬತ್ತು ಜನ ಸತ್ತದ್ದು. ಅಷ್ಟು ಸುಲಭವಿತ್ತು ಅದು. ಅವಳು ಹೆಸರು ಅಳಿಸಿ ಆ ಮಾತನ್ನು ಹಾಕಿದಳು. ಗುಂಡಿ ಒತ್ತಿದಳು.

ಪರದೆಯ ಮೇಲೆ ಸಾಲುಗಳು ಹರಿದವು. ಆಮೇಲೆ, ಮಧ್ಯಾಹ್ನ, ದೇಸಾಯಿ ಹೇಳಿದ್ದನ್ನೂ ಮಾಡಿದಳು. ಮುಷ್ಕರಕ್ಕೆ ಕೂತವರ ಪಟ್ಟಿಯಿಂದ 'ಕೆಲಸ' ಹೋಯಿತು. ಉಗ್ರಾಣಿ ಕಸ ಹುಡುಕಿತು. ಬೇಡವಾದದ್ದು ಏನೂ ಸಿಗಲಿಲ್ಲ ಎಂದು ವರದಿ ಕೊಟ್ಟು ಸುಮ್ಮನಾಯಿತು. ಹೊರಗೆ ಹಸಿರು ಸೀರೆ ಇದ್ದಲ್ಲೇ ಇತ್ತು. ಯಾರೂ ಪಕ್ಕದವರ ಮೇಲೆ ಒರಗಲಿಲ್ಲ.

ಗೇಟಿನಲ್ಲಿ ಏನೂ ಆಗದಿದ್ದುದರಿಂದಲೇ ದೇಸಾಯಿಗೆ ಅನುಮಾನ ಬಂತು. ಅವನು ಕೋಣೆಗೆ ಬಂದು, ಅವಳ ಬೆನ್ನ ಹಿಂದೆ ನಿಂತು ಪರದೆಯನ್ನು ಓದಿದ. ಉಳಿದ ಹುಡುಗಿಯರು ತಂತಮ್ಮ ಪರದೆಗಳಿಗೆ ಮುಖ ಹುದುಗಿಸಿದರು. ಅವನು ಕೂಗಾಡುವವನಲ್ಲ. ಇದನ್ನು ಹಿಂದೆ ತೆಗೆದುಕೊಳ್ಳಲು ಒಂದು ಸಾಲು ಸಾಕು, ಬರೆ ಎಂದ. ತಾನು ಇದನ್ನು ಮೇಲಿನವರಿಗೆ ಹೇಳುವುದಿಲ್ಲ, ಅವಳ ಅಕ್ಕನದನ್ನು ಮುಟ್ಟುವ ಅಗತ್ಯವೂ ಇಲ್ಲ, ಮಿಕ್ಕವರದಷ್ಟೇ. ಇಷ್ಟು ಮಂದಿಯ ಬಾಡಿಗೆ ಕೊಟ್ಟರೆ ಕಂಪನಿ ಮುಚ್ಚುತ್ತದೆ, ಮುಚ್ಚಿದರೆ ಯಾರಿಗೂ ಉಸಿರಿರುವುದಿಲ್ಲ, ಅದನ್ನಾದರೂ ಯೋಚಿಸು ಎಂದ. ಅವಳ ಕೈಗಳು ಮಡಿಲಲ್ಲಿದ್ದವು.

"ನೀನು ಮಾಡದಿದ್ದರೆ ಹೈದರಾಬಾದಿನ ಆಫೀಸಿನಿಂದ ಇನ್ನೊಬ್ಬರು ಮಾಡುತ್ತಾರೆ. ಪಾಸ್‌ವರ್ಡ್ ಬದಲಿಸಿ ಒಳಗೆ ಬರಲು ಅವರಿಗೆ ಸಂಜೆಯ ತನಕ ಬೇಕಾಗಬಹುದು, ಅಷ್ಟೇ," ಎಂದ. "ಸಂಜೆಯ ತನಕ ನಿನಗೆ ಏನು ಸಿಕ್ಕ ಹಾಗಾಯಿತು?"

"ಸಂಜಿ ತನಕ ಸಿಕ್ತದಲ್ರೀ ಅವ್ರಿಗೆ," ಎಂದಳು ಜಗದೇವಿ.

ಅವನು ಕಿಟಕಿಯತ್ತ ಹೋಗಿ ಕೆಳಗೆ ನೋಡಿದ. ಪೊಲೀಸರ ಎರಡು ವ್ಯಾನು ಬಂದು ನಿಂತಿದ್ದವು. ಕೆಳಗೆ ಕೂತವರಿಗೆ ಇದಾವುದೂ ತಿಳಿದಿರಲಿಲ್ಲ. ಮಧ್ಯಾಹ್ನ ಉಸಿರು ಹೋಗುತ್ತದೆಂದು ಮಾತ್ರ ಕಾಶಮ್ಮನಿಂದ ತಿಳಿದಿತ್ತು. ಹಾಗೆ ತಿಳಿದೂ ಕೂತಿದ್ದರು. ಕೆಲವರು ಪಕ್ಕದವರ ಪಟ್ಟಿಯ ಮೇಲೆ ಅಂಗೈ ಇಟ್ಟುಕೊಂಡು ಕಾಯುತ್ತಿದ್ದರು.

ದೇಸಾಯಿ ತಿರುಗಿ ಬಂದ. ಈಗ ಅವನ ದನಿ ಕೋರ್ಟಿನ ದನಿಯಾಗಿತ್ತು. "ಕೇಳಿ ಹಾಕಿಸಿಕೊಂಡದ್ದು ಎಂದು ಬರೆದಿದ್ದೀಯ. ಇದು ಸುಳ್ಳು ದಾಖಲೆ. ನಲವತ್ತು ಸಾವಿರ ಜನ ಯಾವಾಗ ನಿನ್ನ ಹತ್ತಿರ ಬಂದು ಕೇಳಿದರು? ಯಾರು ಕೇಳಿದರು?"

ಜಗದೇವಿ ಮೊದಲ ಸಲ ಅವನತ್ತ ತಿರುಗಿದಳು.

"ನೀವೇ ಕೆಳಗಿಳಿದು ಕೇಳ್ರಿ ಸರ್. ಒಬ್ಬೊಬ್ಬರ ಮುಂದ ನಿಂತು ಕೇಳ್ರಿ, ಉಸುರು ಬೇಕೇನು ಬ್ಯಾಡೇನು ಅಂತ. ಯಾರ್ ಬ್ಯಾಡ ಅಂತಾರೋ ಅವ್ರನ್ನ ಇಲ್ಲಿಗಿ ಕರ್ಕೊಂಡು ಬರ್ರಿ. ಅವ್ರದು ಅವ್ರ ಮುಂದನೇ ತಗೀತೀನಿ."

"ಜಗದೇವಿ, ಬರೆ."

"ಬರಿಯಂಗಿಲ್ರಿ," ಎಂದಳು.